ತೊಟ್ಟಿಲು ಆಡಲು ಬಿಡದಿಗೆ ಹೋದ ಕಥೆ

ನಮ್ಮ ಕಡೆ ಜಾತ್ರೆಗೆ ಬರುವ ಜಾಯಂಟ್ ವ್ಹೀಲ್‌ಗೆ ತೊಟ್ಟಿಲು ಅಂತಾರೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದರೆ ನಮ್ಮತ್ತೆ ಮೊದಲು ಕೇಳೋದೇ "ತೊಟ್ಟಿಲು ಬಂದಾವೇನು?" ಅಂತ. ಹಾಗಾಗಿ ನಾನು ಬೆಂಗಳೂರು ಹತ್ತಿರ ಬಿಡದಿಯಲ್ಲಿರೋ ವಂಡರ್‌ಲಾ ಅನ್ನೋ ಆಟದ ಪಾರ್ಕಿಗೆ ಹೋಗೋಣ ಅಂದಾಗ, ಅದು ಏನು, ಎಲ್ಲಿದೆ, ಅಲ್ಲಿ ಏನಿರುತ್ತೆ ಅಂತ ಎಲ್ಲಾ ಕೇಳಿಸಿಕೊಂಡು, ಒಂದೇ ಮಾತಲ್ಲಿ ಮುಗಿಸಿದರು. "ತೊಟ್ಟಿಲು ಆಡೋಕೆ ಬಿಡದಿತನಕ ಹೋಗ್ಬೇಕೇನವ್ವಾ? ಮನೇಲೇ ಒಂದೈತೆ, ತೂಗೋರಿಲ್ಲ."

ಮನೆಯಲ್ಲಿರೋದು ಹಾಲ್‌ನ ಕೊಕ್ಕೆಗೆ ಕಟ್ಟಿದ ಹಳೇ ಕಾಟನ್ ಸೀರೆಯ ಜೋಲಿ. ಅದರಲ್ಲಿ ಮಲಗೋನು ಏಳು ತಿಂಗಳ ಕೂಸು. ಅವನ ಮೇಲೆ ಎರಡು ವರ್ಷ ನಾಲ್ಕು ತಿಂಗಳ ಪುಟ್ಟಿ. ಇಬ್ಬರ ನಡುವೆ ನಾನು. ಎರಡೂವರೆ ವರ್ಷದಲ್ಲಿ ನಾನು ಹೋದ ಅತಿ ದೂರದ ಊರು ಹರಿಹರ. ತಮಾಷೆಗೆ ಹೇಳ್ತಾ ಇಲ್ಲ. ಅದೂ ಒಂದು ಮದುವೆಗೆ, ಊಟ ಮುಗಿಸಿ ಕೈ ತೊಳೆಯೋಕೂ ಬಿಡದೆ ಒಬ್ಬಳು ಎತ್ತಿಕೋ ಅಂತ, ಒಬ್ಬ ಹಾಲು ಕೊಡು ಅಂತ.

"ಅಷ್ಟು ಚಿಕ್ಕ ಮಕ್ಕಳು, ಅವಕ್ಕೇನು ನೆನಪಿರುತ್ತೆ? ಸುಮ್ನೆ ದುಡ್ಡು ದಂಡ" ಅಂತ ಹೇಳದೆ ಇದ್ದವರು ಯಾರೂ ಇಲ್ಲ. ನನ್ನ ತಂಗಿ ಹೇಳಿದಳು, ಎದುರು ಮನೆ ಆಂಟಿ ಹೇಳಿದರು, ಕೊನೆಗೆ ತರಕಾರಿ ಗಾಡಿಯವನೂ ಹೇಳಿದ. ಅವರಿಗೆ ನೆನಪಿರಲ್ಲ, ಒಪ್ಪಿದೆ. ನನಗೆ ಇರುತ್ತಲ್ಲ? ಆದರೆ ಹಾಗೆ ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ. "ಪುಟ್ಟಿಗೆ ನೀರು ಅಂದ್ರೆ ಇಷ್ಟ ಅಲ್ವಾ" ಅಂತ ಅವಳ ಹೆಸರಿನಲ್ಲಿ ದಾಟಿಸಿದೆ.

ಮೊದಲು ತಿಂಗಳು ಆರಿಸಬೇಕಿತ್ತು. ಏಪ್ರಿಲ್, ಮೇ ರಜೆಯಲ್ಲಿ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ದಸರಾ ರಜೆ ಹಾಗೇ. ನವೆಂಬರ್, ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳು. ಫೆಬ್ರವರಿಗೆ ಪರೀಕ್ಷೆ ಹತ್ತಿರ ಬಂದಿರುತ್ತೆ, ಶಾಲೆಯವರು ಪ್ರವಾಸ ಬಿಟ್ಟು ರಿವಿಷನ್ ಹಿಡಿದಿರುತ್ತಾರೆ. ಅದಕ್ಕೆ ಫೆಬ್ರವರಿಯ ಒಂದು ಮಂಗಳವಾರ ಅಂತ ಗಟ್ಟಿ ಮಾಡಿದೆವು. ಸೋಮವಾರ ಹೋಗೋದು, ಮಂಗಳವಾರ ಆಡೋದು, ಬುಧವಾರ ವಾಪಸ್. ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಇದ್ದವರು ಇದನ್ನ ಇಲ್ಲೇ ಓದೋದು ನಿಲ್ಲಿಸಿ, ಮನೆಯಲ್ಲೇ ಇರಿ.

ರೈಲೋ ಕಾರೋ ಅನ್ನೋ ಚರ್ಚೆ ಒಂದು ವಾರ ನಡೀತು. ನನಗೆ ರೈಲೇ ಇಷ್ಟ. ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಡ ಅಂದರೆ ಟಿಕೆಟ್ಟೂ ಇಲ್ಲ. 2023ರಿಂದ ಧಾರವಾಡದ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತೆ. ಆದರೆ ನಮ್ಮ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಅಂತ ಸುತ್ತು ಹಾಕ್ಕೊಂಡೇ ಹೋಗಬೇಕು. ಚಿತ್ರದುರ್ಗದ ಮೇಲೆ ತುಮಕೂರಿಗೆ ನೇರ ಲೈನ್ ಹಾಕೋ ಕೆಲಸ ನಡೀತಾ ಇದೆ, ಅದು ಮುಗಿಯೋ ಹೊತ್ತಿಗೆ ಕೂಸು ತಾನೇ ಟಿಕೆಟ್ ಬುಕ್ ಮಾಡ್ತಾನೇನೋ. ಅದಲ್ಲದೆ ಬೆಂಗಳೂರಲ್ಲಿ ಇಳಿದು ಎರಡು ಮಕ್ಕಳು, ನಾಲ್ಕು ಬ್ಯಾಗು, ಒಬ್ಬರು ಅತ್ತೆ, ಎಲ್ಲರನ್ನೂ ಹೊತ್ತುಕೊಂಡು ಬಿಡದಿಗೆ ಹೋಗೋದು ಆಗದ ಮಾತು. ಕಾರೇ ಅಂತಾಯಿತು.

ಕಾರು ಅಂದಮೇಲೆ ಮಕ್ಕಳ ಸೀಟು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ ಇದೆ. ದಂಡದ ಮಾತು ಬಿಡಿ, ಹೈವೇಯಲ್ಲಿ ಲಾರಿ ಬ್ರೇಕ್ ಹಾಕಿದಾಗ ತೊಡೆ ಮೇಲಿನ ಕೂಸನ್ನ ಹಿಡಿಯೋ ಶಕ್ತಿ ಯಾರ ಕೈಗೂ ಇಲ್ಲ. ಅತ್ತೆಗೆ ಇದು ಮಾತ್ರ ಸುತಾರಾಂ ಒಪ್ಪಿಗೆ ಆಗಲಿಲ್ಲ. "ಕೂಸನ್ನ ಕುರ್ಚಿಗೆ ಕಟ್ಟಿ ಹಾಕ್ತೀರೇನು? ನನ್ನ ಮಡಿಲು ಏನಾಗೈತೆ?" ಅಂದರು. ಕೊನೆಗೆ ಎರಡು ಸೀಟಿನ ನಡುವೆ ಅವರೇ ಕೂತರು. ಹಳೇ ವ್ಯಾಗನ್ ಆರ್ ಹಿಂದಿನ ಸೀಟಲ್ಲಿ, ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ ಸಿಂಹಾಸನ, ನಡುವೆ ನಮ್ಮತ್ತೆ, ಅಲ್ಲಾಡೋಕೂ ಜಾಗ ಇಲ್ಲ. ಅವರ ಮಡಿಲಲ್ಲಿ ಕೂಸಿನ ಬದಲು ರೊಟ್ಟಿ ಡಬ್ಬಿ.

ಅತ್ತೆಯನ್ನ ಕರ್ಕೊಂಡು ಹೋಗಿದ್ದು ಈ ಪ್ಲಾನ್‌ನಲ್ಲೇ ನಾನು ಮಾಡಿದ ಅತಿ ಬುದ್ಧಿವಂತ ಕೆಲಸ. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ಅಂದರೆ ಸಮ ಅಂತ ಅನಿಸುತ್ತೆ. ಸಮ ಅಲ್ಲ. ಒಬ್ಬರು ಶೌಚಾಲಯಕ್ಕೆ ಹೋದ ಕೂಡಲೇ ಲೆಕ್ಕ ಕೆಡುತ್ತೆ.

ಇನ್ನು ಎತ್ತರದ ಕಥೆ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಫ್ರೀ. ಅದರ ಮೇಲೆ 140ರವರೆಗೆ ಮಕ್ಕಳ ಟಿಕೆಟ್. ಒಳಗಿನ ಆಟಗಳಿಗೂ ಎತ್ತರದ್ದೇ ಲೆಕ್ಕ. ನಮ್ಮನೆಯವರು ಪುಟ್ಟಿಯನ್ನ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒರಗಿಸಿ, ತಲೆ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಪೆನ್ಸಿಲಲ್ಲಿ ಗೆರೆ ಎಳೆದರು. ಟೇಪ್ ಹಿಡಿದರೆ 85. ಕೂದಲು ಒತ್ತಿದರೆ 84 ಮುಕ್ಕಾಲು. ಎರಡು ಜುಟ್ಟು ಸೇರಿಸಿದರೆ 88. "ಜುಟ್ಟು ಬಿಚ್ಚಿಸಿ ಕರ್ಕೊಂಡು ಹೋಗೋಣ" ಅಂದರು. ಆ ವಾರ ಪೂರ್ತಿ ದಿನಕ್ಕೆರಡು ಸಲ ಅಳತೆ. ಬೆಳಿಗ್ಗೆ ಒಂದು ಗೆರೆ, ಸಂಜೆ ಒಂದು ಗೆರೆ. ಅವಳಿಗೆ ಇದು ದೊಡ್ಡ ಆಟ. ಅಳೆದಾಗಲೆಲ್ಲ ನಾವು ಅಭ್ಯಾಸ ಬಲದಿಂದ "ಅಬ್ಬಬ್ಬಾ, ಎಷ್ಟು ದೊಡ್ಡೋಳಾಗಿದಾಳೆ ನೋಡು!" ಅಂತ ಚಪ್ಪಾಳೆ ತಟ್ಟುತ್ತಿದ್ದೆವು. ಅದು ತಪ್ಪಾಯಿತು ಅಂತ ಆಮೇಲೆ ಗೊತ್ತಾಯಿತು.

ಬಟ್ಟೆ ಇನ್ನೊಂದು. ನೀರಿನ ಆಟಕ್ಕೆ ಕಾಟನ್ ಹಾಕಿಕೊಂಡರೆ ಬಿಡಲ್ಲ, ನೈಲಾನ್ ತರಹದ ಬಟ್ಟೆಯೇ ಆಗಬೇಕು. ಅಲ್ಲೇ ಅಂಗಡಿ ಇದೆ, ಆದರೂ ಇಲ್ಲೇ ತಗೊಂಡು ಹೋಗೋಣ ಅಂತ ಚೌಕಿಪೇಟೆಗೆ ಹೋದೆ. ಎರಡು ಅಂಗಡಿಯಲ್ಲಿ ನೈಲಾನ್ ಸೀರೆ ತೋರಿಸಿದರು. ಮೂರನೇ ಅಂಗಡಿಯವರು "ಯಾರಿಗಮ್ಮಾ?" ಅಂದರು. "ನನಗೇ" ಅಂದೆ. ಅಂಗಡಿಯಲ್ಲಿದ್ದ ಹುಡುಗ ಮೇಲಿನ ಖಾನೆ ನೋಡ್ತಾ ನಿಂತ. ಅಂತೂ ಮೊಣಕಾಲಿನವರೆಗೆ ಬರುವ ಒಂದು ಟೈಟ್ಸ್, ಉದ್ದ ತೋಳಿನ ಟೀ ಶರ್ಟು ಸಿಕ್ಕಿತು. ಪುಟ್ಟಿಗೆ ನೀರಲ್ಲಿ ಊದಿಕೊಳ್ಳದ ಸ್ವಿಮ್ ಡೈಪರ್ ಬೇಕು. ಮಾಮೂಲಿ ಡೈಪರ್ ಹಾಕಿ ನೀರಿಗೆ ಬಿಟ್ಟರೆ ಅದು ಅಷ್ಟೂ ನೀರು ಕುಡಿದು ಮಗು ಕುಂಬಳಕಾಯಿ ಕಟ್ಟಿಕೊಂಡ ಹಾಗೆ ನಡೀಬೇಕಾಗುತ್ತೆ. ಅದನ್ನ ಆನ್‌ಲೈನಲ್ಲಿ ತರಿಸಿದೆ.

ಹೋಗೋಕೆ ಎರಡು ವಾರ ಮೊದಲು ಒಂದು ಟ್ರಯಲ್ ಮಾಡಿದೆವು. ಯಾರಾದರೂ ಇಂಥ ಪ್ರವಾಸ ಹೊರಟರೆ ಇದೊಂದು ಮಾಡಿ. ಆನಗೋಡಿನ ಕಿರು ಮೃಗಾಲಯ ನಮಗೆ ಹತ್ತಿರ, ಹೈವೇ ಮೇಲೇ ಸಿಗುತ್ತೆ. ಪೂರ್ತಿ ಸಾಮಾನು ಕಟ್ಟಿಕೊಂಡು, ನಿಜವಾದ ಪ್ರವಾಸದ ಹಾಗೇ ಹೋದೆವು. ತಳ್ಳುಗಾಡಿಯ ಸಣ್ಣ ಚಕ್ರ ಮಣ್ಣು ಕಲ್ಲಿನ ಮೇಲೆ ಒಂದು ಹೆಜ್ಜೆ ಉರುಳಲಿಲ್ಲ. ಕೂಸಿಗೆ ಹಾಲು ಕುಡಿಸಿ, ತೇಗು ತರಿಸಿ, ಬಟ್ಟೆ ಬದಲಿಸೋಕೆ ಇಪ್ಪತ್ತೈದು ನಿಮಿಷ. ಅಷ್ಟೂ ಹೊತ್ತು ಪುಟ್ಟಿ ಒಂದೇ ಜಿಂಕೆ ನೋಡ್ತಾ ನಿಲ್ಲಲ್ಲ. ಮೂರು ಗಂಟೆ ಆದಮೇಲೆ ಇಬ್ಬರೂ ಒಟ್ಟಿಗೆ ಅಳೋಕೆ ಶುರು ಮಾಡಿದರು. ನಮ್ಮನೆಯವರು ಅವತ್ತಿನವರೆಗೆ ಯಾವ ಆಟ ಎಷ್ಟು ಗಂಟೆಗೆ ಅಂತ ಮೊಬೈಲಲ್ಲಿ ದೊಡ್ಡ ಪಟ್ಟಿ ಮಾಡಿದ್ದರು. ಮನೆಗೆ ಬಂದು ಅದನ್ನ ಅಳಿಸಿದರು. ಬದಲಿಗೆ ನಾನು ಒಂದು ಮದುವೆ ಕಾರ್ಡಿನ ಹಿಂದೆ ಬರೀ ಮಕ್ಕಳ ನಿದ್ದೆ, ಊಟದ ಹೊತ್ತು ಬರೆದೆ. ಆಟ ಅದರ ಸಂದಿಯಲ್ಲಿ. ಮೂರು ಗಂಟೆಗೊಮ್ಮೆ ಎಲ್ಲರೂ ಕೂರಬೇಕು, ಅದು ಕಾನೂನು.

ಹೊರಟಿದ್ದು ಬೆಳಗಿನ ಜಾವ ಐದಕ್ಕೆ. ಇಬ್ಬರನ್ನೂ ನಿದ್ದೆಯಲ್ಲೇ ಎತ್ತಿ ಸೀಟಿಗೆ ಹಾಕಿದೆವು. ಹೆಬ್ಬಾಳು ಟೋಲ್ ದಾಟೋವರೆಗೂ ಉಸಿರು ಬಿಡದೆ ಕೂತಿದ್ದೆವು, ಏಳಲಿಲ್ಲ. ಚಿತ್ರದುರ್ಗ ಹತ್ತಿರ ಬಂದಾಗ ಬೆಳಕು ಹರಿದಿತ್ತು. ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಪುಟ್ಟಿ ಕಣ್ಣು ಬಿಟ್ಟು ಅದನ್ನೇ ಸುಮಾರು ಹೊತ್ತು ನೋಡಿದಳು. ಆಮೇಲೆ ಸ್ವೆಟರ್ ಎಳೆದುಕೊಂಡು ಹೇಳಿದಳು, "ಅಪ್ಪಾ, ಫ್ಯಾನ್ ಆಫ್ ಮಾಡು. ಚಳಿ."

ದಾವಣಗೆರೆಯಿಂದ ಬಿಡದಿ ಹತ್ತಿರ ಹತ್ತಿರ 290 ಕಿಲೋಮೀಟರ್. ನಾವಿಬ್ಬರೇ ಇದ್ದ ಕಾಲದಲ್ಲಿ ಐದು ಗಂಟೆ ಸಾಕಿತ್ತು. ಈಗ ಎಂಟೂವರೆ ಹಿಡಿಯಿತು. ಹಿರಿಯೂರು ಹತ್ತಿರ ಹಾಲು, ಶಿರಾದಲ್ಲಿ ಡೈಪರ್, ತುಮಕೂರು ಬರೋದರೊಳಗೆ ವಾಂತಿ ಒಂದು, ಅದೂ ಅತ್ತೆಯ ಸೆರಗಿನ ಮೇಲೆ. ಹಿರಿಯೂರಲ್ಲಿ ನಮ್ಮನೆಯವರಿಗೆ ಚಪಲ ಶುರುವಾಯಿತು. "ಇಲ್ಲೇ ಅಲ್ವಾ ಮಾರಿಕಣಿವೆ, ಒಂದು ಸಲ ನೋಡ್ಕೊಂಡು ಹೋಗೋಣ" ಅಂತ. ನಿಜ, ನೋಡೋ ಜಾಗವೇ. ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದಿದ್ದು 2022ರಲ್ಲೇ. ನಮ್ಮ ಮಾವ ಕೂಡ ಆಯುಷ್ಯ ಪೂರ್ತಿ ಅದು ತುಂಬಿದ್ದು ನೋಡಲಿಲ್ಲ. ಆದರೆ ನಾನು ಮದುವೆ ಕಾರ್ಡು ತೆಗೆದು ತೋರಿಸಿದೆ. ಅದರಲ್ಲಿ ಮಾರಿಕಣಿವೆ ಇರಲಿಲ್ಲ. ಗಾಡಿ ಮುಂದಕ್ಕೆ ಹೋಯಿತು.

ಬುತ್ತಿ ಅತ್ತೆಯದು. ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನ, ಒಗ್ಗರಣೆ ಮಂಡಕ್ಕಿ ಒಂದು ಚೀಲ. ಕೂಸಿಗೆ ರಾಗಿ ಸರಿಯ ಪುಡಿ ಬೇರೆ, ಒಂದೊಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟು ಸಣ್ಣ ಸಣ್ಣ ಪೊಟ್ಟಣ ಕಟ್ಟಿದ್ದೆ. ಹೋದ ಕಡೆ ಚಮಚ ಲೆಕ್ಕ ಹಾಕ್ತಾ ಕೂರೋದು ಬೇಡ ಅಂತ. ಎರಡು ಫ್ಲಾಸ್ಕ್. ಎರಡು ಯಾಕೆ ಅಂತ ನಮ್ಮನೆಯವರು ಕೇಳಿದ್ದರು. ಆ ರಾತ್ರಿ ಉತ್ತರ ಸಿಕ್ಕಿತು.

ನೆಲಮಂಗಲ ದಾಟಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿದಾಗ ಇಬ್ಬರೂ ಮಲಗಿದ್ದರು. ಮಲಗಿದ್ದಾರೆ ಅಂತ ಖುಷಿಯಲ್ಲಿ ನಾವಿಬ್ಬರೂ ಮಾತಾಡ್ತಾ ಸರ್ವಿಸ್ ರಸ್ತೆಗೆ ಇಳಿಯೋದು ಮರೆತು ಎಕ್ಸ್‌ಪ್ರೆಸ್‌ವೇ ಮೇಲೇ ಹೋಗಿಬಿಟ್ಟೆವು. ಅದರಲ್ಲಿ ಬೇಕಾದಲ್ಲಿ ತಿರುಗೋ ಹಾಗಿಲ್ಲ. ಮುಂದೆ ಹೋಗಿ ಇಳಿದು ಸುತ್ತಿಕೊಂಡು ಬರೋವರೆಗೂ ಕಾರಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆ, "ಬಿಡದಿ ಬಿಟ್ಟೋಯ್ತೇನಪ್ಪಾ?" ಅಂದರು.

ಉಳಿದುಕೊಂಡ ಲಾಡ್ಜ್ ಹೆಸರು ಬೇಡ. ಫೋನಲ್ಲಿ ಇಪ್ಪತ್ನಾಲ್ಕು ಗಂಟೆ ಬಿಸಿನೀರು ಅಂದಿದ್ದರು. ಹೋದಮೇಲೆ ಬೆಳಿಗ್ಗೆ ಆರರಿಂದ ಎಂಟು ಅಂದರು. ಕೆಟಲ್ ಇದೆ ಅಂದಿದ್ದರು, ಇತ್ತು, ಕೆಟ್ಟಿತ್ತು. ಎರಡು ಫ್ಲಾಸ್ಕ್ ಇಲ್ಲದಿದ್ದರೆ ಆ ರಾತ್ರಿ ದೇವರೇ ಗತಿ.

ಆದರೆ ನಾನು ಯೋಚಿಸದೇ ಇದ್ದದ್ದು ಬೇರೆ. ಮೂರು ತಿಂಗಳಿಂದ ಪಟ್ಟಿ ಮಾಡಿದ್ದೇನೆ, ಟ್ರಯಲ್ ಮಾಡಿದ್ದೇನೆ, ಡೈಪರ್ ಎಣಿಸಿದ್ದೇನೆ. ಕೂಸು ಹುಟ್ಟಿದಾಗಿನಿಂದ ಜೋಲಿಯಲ್ಲೇ ಮಲಗಿದ್ದು, ಮಂಚದ ಮೇಲೆ ಒಂದು ರಾತ್ರಿಯೂ ಮಲಗಿಲ್ಲ ಅನ್ನೋದು ತಲೆಗೇ ಬರಲಿಲ್ಲ. ರೂಮಿನಲ್ಲಿ ಕೊಕ್ಕೆ ಇಲ್ಲ. ಫ್ಯಾನಿಗೆ ಕಟ್ಟೋಕಾಗುತ್ತಾ? ಹತ್ತು ಗಂಟೆಗೆ ಅಳು ಶುರು. ಎತ್ತಿಕೊಂಡರೆ ಸುಮ್ಮನೆ, ಮಲಗಿಸಿದರೆ ಅಳು. ಹನ್ನೊಂದಾಯಿತು. ಹನ್ನೆರಡಾಯಿತು. ಪಕ್ಕದ ರೂಮಿನವರು ಗೋಡೆ ತಟ್ಟಿದರು. ಪುಟ್ಟಿ ಎದ್ದು ಕೂತು "ಇವನ್ನ ಮನೆಗೆ ಕಳಿಸು" ಅಂದಳು. ಆಗ ಅತ್ತೆ ಏನೂ ಮಾತಾಡದೆ ತಮ್ಮ ಚೀಲದಿಂದ ಹಳೇ ಸೀರೆ ತೆಗೆದರು. ಬಣ್ಣ ಹೋದ ನೀಲಿ ಸೀರೆ, ಮನೆಯ ಜೋಲಿಯದ್ದೇ. ಕೊಕ್ಕೆಯಿಂದ ಬಿಚ್ಚಿ ಯಾವಾಗ ಚೀಲಕ್ಕೆ ತುರುಕಿದ್ದರೋ ಗೊತ್ತಿಲ್ಲ. ನಾಲ್ಕು ಮಡಿಕೆ ಮಾಡಿ ಒಂದು ತುದಿ ಮಗನ ಕೈಗೆ ಕೊಟ್ಟರು, ಇನ್ನೊಂದು ತುದಿ ತಾವು ಹಿಡಿದರು. ನಾನು ನಡುವೆ ಕೂಸನ್ನ ಇಟ್ಟೆ. ಇಬ್ಬರೂ ನಿಂತು ತೂಗಿದರು. ಹಾಸಿಗೆಯ ಮೇಲೆಯೇ, ಕೈ ತಪ್ಪಿದರೂ ಮೆತ್ತಗೆ ಬೀಳಲಿ ಅಂತ. ಹಳೇ ಸೀರೆಯ ವಾಸನೆ ಗೊತ್ತಾಯಿತೋ ಏನೋ, ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿದ. ತೂಗೋದು ನಿಲ್ಲಿಸಿದರೆ ಕಣ್ಣು ಬಿಡುತ್ತಿದ್ದ. ನಮ್ಮನೆಯವರು ನಿಂತಲ್ಲೇ ತೂಕಡಿಸಿದರು, ಅತ್ತೆ "ಏ, ಸೀರೆ ಬಿಗಿ ಹಿಡಿಯೋ" ಅಂತ ಗದರಿದರು. ಎರಡು ಗಂಟೆಗೆ ನಾನು ಒಂದು ತುದಿ ಹಿಡಿದೆ. ಆಮೇಲೆ ಯಾವಾಗ ಮಲಗಿದೆವೋ ಯಾರಿಗೂ ನೆನಪಿಲ್ಲ.

ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ. ಬೆಣ್ಣೆ ದೋಸೆ ಊರಿನವರಿಗೆ ಬೇರೆ ಊರಿನ ತಿಂಡಿ ಬಗ್ಗೆ ಸ್ವಲ್ಪ ಕೊಂಕು ಇರುತ್ತೆ, ನಮಗೂ ಇದೆ. ಆದರೆ ಅವತ್ತು ಮಾತಾಡದೆ ತಿಂದೆವು. ಊಟದ ತಟ್ಟೆಯ ಗುಂಡಿಯಷ್ಟು ಅಗಲದ ಇಡ್ಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. ಪುಟ್ಟಿ ಅರ್ಧ ಇಡ್ಲಿ ಯಾರೂ ಹೇಳದೆ ತಿಂದಳು. ಒಳಗಿನದ್ದು ಮೆತ್ತಗೆ ನುರಿದು ಕೂಸಿಗೂ ಎರಡು ಬೆರಳು ನೆಕ್ಕಿಸಿದೆವು. ಪಾರ್ಕು ಬಾಗಿಲು ತೆಗೆಯೋದು ಹನ್ನೊಂದಕ್ಕೆ. ಅಲ್ಲಿವರೆಗೆ ಪಾರ್ಕಿಂಗ್‌ನಲ್ಲಿ ನೆರಳು ಹುಡುಕಿ ಕಾರು ನಿಲ್ಲಿಸಿ ಕೂಸನ್ನ ಮಲಗಿಸಿದೆವು. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಮಗುವಿನ ಊಟ ತರಬಹುದಾ ಅಂತ ಫೋನಲ್ಲೇ ಕೇಳಿದ್ದೆ, ತರಬಹುದು ಅಂದಿದ್ದರು. ಹಾಗಾಗಿ ರೊಟ್ಟಿ, ಮಂಡಕ್ಕಿ ಎಲ್ಲಾ ಡಿಕ್ಕಿಯಲ್ಲೇ ಉಳಿಯಿತು. ಅತ್ತೆಗೆ ಅದೊಂದು ಸಂಕಟ. ಒಳಗೆ ಹೋಗುವ ಮೊದಲು ಎಲ್ಲರಿಗೂ ಬಲವಂತವಾಗಿ ಒಂದೊಂದು ರೊಟ್ಟಿ ತಿನ್ನಿಸಿದರು. ಇಡ್ಲಿ ತಿಂದು ಒಂದು ಗಂಟೆಯೂ ಆಗಿರಲಿಲ್ಲ.

ಗೇಟಿನಲ್ಲಿ ಅಳತೆ. ನಮ್ಮನೆಯವರು ಬೆಳಿಗ್ಗೆಯೇ ಜುಟ್ಟು ಬಿಚ್ಚಿಸಿದ್ದರು. ಅಲ್ಲಿನ ಹುಡುಗಿ "ಬಾ ಪುಟ್ಟ, ಇಲ್ಲಿ ನಿಂತ್ಕೋ" ಅಂದಳು. ಪುಟ್ಟಿ ಹೋಗಿ ನಿಂತಳು. ಬೆನ್ನು ನೆಟ್ಟಗೆ. ಗದ್ದ ಮೇಲೆ. ಆಮೇಲೆ, ಮನೆಯಲ್ಲಿ ವಾರಪೂರ್ತಿ ಚಪ್ಪಾಳೆ ಹೊಡೆಸಿಕೊಂಡ ಅಭ್ಯಾಸದಲ್ಲಿ, ನಿಧಾನವಾಗಿ ತುದಿಗಾಲ ಮೇಲೆ ಎದ್ದಳು. ಗೆರೆಗಿಂತ ಮೂರು ಬೆರಳು ಮೇಲೆ. ಹುಡುಗಿ ನಕ್ಕು "ಕಾಲು ಕೆಳಗಿಡು" ಅಂದಳು. ಕೆಳಗಿಟ್ಟ ಮೇಲೂ ಗೆರೆಗೆ ತಲೆ ತಾಗುತ್ತಿತ್ತು. "ನಾನು ದೊಡ್ಡೋಳು!" ಅಂತ ಕೂಗಿದಳು. ನಮ್ಮನೆಯವರು ಪರ್ಸ್ ತೆಗೆದರು. ಅತ್ತೆಗೆ ಹಿರಿಯ ನಾಗರಿಕರ ರಿಯಾಯಿತಿ ಸಿಕ್ಕಿದ್ದರಿಂದ ಸ್ವಲ್ಪ ಸಮಾಧಾನ. ಆಧಾರ್ ಕಾರ್ಡು ತಗೊಂಡು ಹೋಗಿ.

ವಂಡರ್‌ಲಾ ಬೆಂಗಳೂರಿನದ್ದು 2005ರಲ್ಲಿ ಶುರುವಾಗಿದ್ದು. ಜಾಗ ಸಣ್ಣದಲ್ಲ, 80 ಎಕರೆ ಮೇಲಿದೆ. ಚಿಕ್ಕ ಮಕ್ಕಳನ್ನ ಕರ್ಕೊಂಡು ಎಲ್ಲಾ ನೋಡ್ತೀನಿ ಅಂದರೆ ಕಾಲು ಬಿದ್ದುಹೋಗುತ್ತೆ. ನಾವು ಒಂದು ಮರ, ಒಂದು ಬೆಂಚು, ಹತ್ತಿರ ಶೌಚಾಲಯ ನೋಡಿ ಅಲ್ಲೇ ಠಾಣ್ಯ ಹೂಡಿದೆವು. ತಳ್ಳುಗಾಡಿ ಇಲ್ಲಿ ಚೆನ್ನಾಗಿ ಓಡಿತು. ಅತ್ತೆ ಕೂಸನ್ನ ಇಟ್ಟುಕೊಂಡು ಅಲ್ಲೇ ಕೂತರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬೆಂಚಿನ ತುಂಬಾ ಅಜ್ಜಿಯರು. ಮಂಡ್ಯದವರೊಬ್ಬರು, ಕನಕಪುರದವರೊಬ್ಬರು, ಕೋಲಾರದ ಕಡೆಯವರೊಬ್ಬರು. ಎಲ್ಲರ ಕಾಲ ಹತ್ತಿರ ಬ್ಯಾಗಿನ ರಾಶಿ, ಚಪ್ಪಲಿಯ ರಾಶಿ. ಒಬ್ಬರು ಶೌಚಾಲಯಕ್ಕೆ ಹೋದರೆ ಇನ್ನೊಬ್ಬರು ಅವರ ಮೊಮ್ಮಗುವನ್ನ ನೋಡಿಕೊಳ್ಳೋದು. ಮಾತು ಸೊಸೆಯಂದಿರ ಬಗ್ಗೆಯೇ ಇತ್ತು ಅಂತ ನನಗೆ ಅನುಮಾನ, ನಾನು ಬಂದ ಕೂಡಲೇ ನಿಂತಿತು.

ಪುಟ್ಟಿ ಮೊದಲು ಕುದುರೆ ಏರಿದಳು, ಸುತ್ತ ತಿರುಗುವ ಬಣ್ಣದ ಕುದುರೆ. ಒಂದು ಸುತ್ತು ನಗು, ಎರಡನೇ ಸುತ್ತಿಗೆ ಅಳು, ಇಳಿಸಿದ ಮೇಲೆ "ಮತ್ತೆ". ಇದೇ ದಿನವಿಡೀ ನಡೆದಿದ್ದು. ನೀರಿನ ಆಟ ಮಧ್ಯಾಹ್ನದ ಹೊತ್ತಿಗೆ. ಮಕ್ಕಳ ಕೊಳದಲ್ಲಿ ನೀರು ಅವಳ ಮೊಣಕಾಲಿಗೂ ಸರಿಯಾಗಿ ಬರಲ್ಲ, ಆದರೆ ಅವಳು ಈಜುವವರ ಹಾಗೆ ಕೈ ಬೀಸಿದಳು. ಫೆಬ್ರವರಿಯ ನೀರು ತಣ್ಣಗಿತ್ತು. ಇಪ್ಪತ್ತು ನಿಮಿಷಕ್ಕೆ ತುಟಿ ನೀಲಿ ಆಗೋ ಹಾಗಾಯಿತು, ಎತ್ತಿ ಟವೆಲ್ ಸುತ್ತಿದೆ. ಟವೆಲ್ ನಾಲ್ಕು ಒಯ್ಯಿರಿ. ಎರಡು ಸಾಕು ಅಂತ ಯಾರೇ ಹೇಳಿದರೂ ಕೇಳಬೇಡಿ. ಅಲೆ ಬರುವ ಕೊಳದಲ್ಲಿ ನಾವು ಅಂಚಿನಲ್ಲೇ ಕೂತೆವು. ಅಲೆ ಶುರುವಾದಾಗ ಒಳಗಿನ ಹುಡುಗರೆಲ್ಲ ಹೋ ಅಂತ ಕೂಗಿದರು, ಪುಟ್ಟಿ ನನ್ನ ಕುತ್ತಿಗೆ ಹಿಡಿದು ನೇತಾಡಿದಳು. ಕೂಸನ್ನ ನೀರಿಗೆ ಇಳಿಸಲೇ ಇಲ್ಲ, ಅವನ ಪಾಲಿಗೆ ಅತ್ತೆಯ ಸೆರಗೇ ಸಾಕಾಗಿತ್ತು.

ಮೂರು ಗಂಟೆಗೆ ಊಟ ಮುಗಿದು ಇಬ್ಬರೂ ಮಲಗಿದರು. ಒಬ್ಬಳು ತಳ್ಳುಗಾಡಿಯಲ್ಲಿ, ಒಬ್ಬ ಅತ್ತೆಯ ತೊಡೆ ಮೇಲೆ. ಇಬ್ಬರೂ ಒಟ್ಟಿಗೆ! ನಮ್ಮನೆಯವರು ನನ್ನ ಮುಖ ನೋಡಿ "ಹೋಗು" ಅಂದರು. ಎಲ್ಲಿಗೆ ಅಂತ ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಅಲ್ಲಿ ರಿಕಾಯಿಲ್ ಅಂತ ಒಂದು ರೋಲರ್ ಕೋಸ್ಟರ್ ಇದೆ. ಗಾಡಿಯನ್ನ ಮೊದಲು ಹಿಮ್ಮುಖವಾಗಿ ಮೇಲಕ್ಕೆ ಎಳೆದುಕೊಂಡು ಹೋಗುತ್ತೆ, ತುದಿಯಲ್ಲಿ ಬಿಟ್ಟುಬಿಡುತ್ತೆ, ಅದು ಬಿದ್ದು ತಲೆಕೆಳಗಾಗಿ ಸುತ್ತಿ ಆ ಕಡೆ ಏರುತ್ತೆ, ಆಮೇಲೆ ಅದೇ ದಾರಿಯಲ್ಲಿ ಹಿಂದುಹಿಂದಕ್ಕೆ ವಾಪಸ್. ಹೆರಿಗೆಯಾದವರು ಡಾಕ್ಟರನ್ನ ಕೇಳದೆ ಇಂಥದ್ದು ಹತ್ತಬೇಡಿ. ನಾನು ಮೊದಲೇ ಕೇಳಿ ಬಂದಿದ್ದೆ. ಅವರು ನಕ್ಕು, "ಇದನ್ನ ಕೇಳೋಕೆ ಬಂದ್ಯಾ" ಅಂದಿದ್ದರು.

ಸಾಲಿನಲ್ಲಿ ಮುಂದೆ ಹಿಂದೆ ಎಲ್ಲಾ ಕಾಲೇಜು ಹುಡುಗ ಹುಡುಗಿಯರು. ನಾನೊಬ್ಬಳೇ ಒದ್ದೆ ಟೈಟ್ಸ್‌ನಲ್ಲಿ, ಹೆಗಲ ಮೇಲೆ ಮಗುವಿನ ತೇಗು ಒರೆಸೋ ಬಟ್ಟೆ. ಅದನ್ನ ಇಟ್ಟು ಬರೋದೇ ಮರೆತಿದ್ದೆ. ಅರ್ಧ ಸಾಲು ಹೋಗೋ ಹೊತ್ತಿಗೆ ಎಲ್ಲೋ ಯಾರದೋ ಮಗು ಅತ್ತಿತು. ನನ್ನದಲ್ಲ, ದನಿ ಬೇರೆ. ಆದರೆ ಎದೆಗೆ ಅದು ಗೊತ್ತಾಗಬೇಕಲ್ಲ? ಹಾಲು ಇಳಿಯಿತು. ಟೀ ಶರ್ಟ್ ಒದ್ದೆಯೇ ಇದ್ದದ್ದಕ್ಕೆ ಬಚಾವು. ಒರೆಸೋ ಬಟ್ಟೆಯನ್ನ ಎದೆಗೆ ಅಡ್ಡ ಹಿಡಿದುಕೊಂಡು ನಿಂತೆ. ವಾಪಸ್ ಹೋಗಲಾ ಅಂತ ಒಂದು ಕ್ಷಣ ಅನಿಸಿತು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ನಾನೂ ಹೋದೆ.

ಮೇಲೆ ಎಳೆದುಕೊಂಡು ಹೋಗುವಾಗ ಮುಖ ನೆಲದ ಕಡೆ ಇರುತ್ತೆ. ಕೆಳಗೆ ಜನ, ಮರ, ದೂರದಲ್ಲಿ ಮೈಸೂರು ರಸ್ತೆ ಕಡೆಯ ಬಯಲು. ಎರಡೂವರೆ ವರ್ಷದಲ್ಲಿ ಮೊದಲ ಸಲ ನನ್ನ ಎರಡೂ ಕೈ ಖಾಲಿ ಇದ್ದವು. ಏನು ಹಿಡ್ಕೋಬೇಕು ಅಂತ ಗೊತ್ತಾಗದೆ ಒಂದರಲ್ಲಿ ಇನ್ನೊಂದನ್ನ ಹಿಡಿದುಕೊಂಡೆ. ಆಮೇಲೆ ಬಿಟ್ಟಿತು. ಏನು ಕೂಗಿದೆನೋ ಗೊತ್ತಿಲ್ಲ. ಪಕ್ಕದ ಹುಡುಗಿ ಇಳಿದಮೇಲೆ "ಅಕ್ಕಾ, ಯಾಕೆ ಅಳ್ತಿದೀರಾ?" ಅಂದಳು. ಅಳ್ತಿರಲಿಲ್ಲ, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು ಅಷ್ಟೆ. ಇರಬಹುದು.

ಬೆಂಚಿಗೆ ಬಂದಾಗ ಕೂಸು ಎದ್ದಿದ್ದ, ಪುಟ್ಟಿಯೂ ಎದ್ದಿದ್ದಳು, ಅತ್ತೆ ನನ್ನ ಕೆದರಿದ ತಲೆ ನೋಡಿದರು. "ಆಡಿದ್ಯಾ ತೊಟ್ಟಿಲು?" ಅಂದರು. "ಆಡಿದೆ ಅತ್ತೆ." "ಸರಿ, ಹಾಲು ಕೊಡು" ಅಂತ ಕೂಸನ್ನ ನನ್ನ ಮಡಿಲಿಗೆ ಹಾಕಿ, ಮಂಡ್ಯದ ಅಜ್ಜಿಯ ಕಡೆ ತಿರುಗಿ ಅರ್ಧಕ್ಕೆ ನಿಂತ ಮಾತು ಮುಂದುವರಿಸಿದರು.

ಸಂಜೆಯ ಲೈಟು, ಸಂಗೀತ ಯಾವುದಕ್ಕೂ ನಿಲ್ಲಲಿಲ್ಲ. ರೂಮಿಗೆ ಬಂದು ಮತ್ತೆ ಸೀರೆ ಹಿಡಿದು ತೂಗಿದ್ದು, ಬುಧವಾರ ಅದೇ ಹಿರಿಯೂರು, ಅದೇ ಗಾಳಿಯಂತ್ರ, ಅದೇ ಡೈಪರ್. ಹೇಳೋಕೇನಿಲ್ಲ. ಪುಟ್ಟಿಗೆ ಎರಡು ದಿನ ನೆಗಡಿ ಆಯಿತು, ಹೋಯಿತು. ಎದುರು ಮನೆ ಆಂಟಿ ಬಂದು ಏನೇನು ನೋಡಿದಿರಿ ಅಂತ ಕೇಳಿದಾಗ ಅತ್ತೆಯೇ ಹೇಳಿದರು. ಇಡ್ಲಿ ಭಾರಿ ದೊಡ್ಡವು, ಶೌಚಾಲಯ ಚೊಕ್ಕ ಇದ್ದವು, ಮಂಡ್ಯದ ಆಯಮ್ಮನ ಸೊಸೆ ಮಾತ್ರ ಸರಿ ಇಲ್ಲ. ಅಷ್ಟೇ ಅವರ ಪ್ರವಾಸ.

ನೈಲಾನ್ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗಿತು. ಮಡಚಿ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇನೆ. ಕಳೆದ ಭಾನುವಾರ ನಮ್ಮನೆಯವರು ಕೂಸನ್ನ ಚಾಪೆ ಮೇಲೆ ಮಲಗಿಸಿ, ಕಾಲು ನೇರ ಮಾಡಿ, ಟೇಪ್ ಹಿಡಿದು ಅಳೆದು, ಅದನ್ನ ತಂದು ಅಡುಗೆಮನೆ ಚೌಕಟ್ಟಿನ ಮೇಲೆ ಪುಟ್ಟಿಯ ಗೆರೆಗಳ ಕೆಳಗೆ ಗುರುತು ಹಾಕಿದರು. 69. ಇನ್ನೂ ಹದಿನಾರು ಸೆಂಟಿಮೀಟರ್ ಫ್ರೀ.